ಪ್ರೊಫೆಸರ್ ಪ್ರೂಯೆಟ್ ತರಗತಿ ಉಳಿಸಿ

ನಮ್ಮ ಹಾರ್ಲನ್ ವೆಲ್ಸ್ ಊರಿನಲ್ಲಿ ಅತಿ ಹೆಚ್ಚು ವರ್ಷ ಕಾಲೇಜಿಗೆ ಹೋದವರು ಯಾರೆಂದು ಕೇಳಿದರೆ ಎಲ್ಲರೂ ಆರ್ವಿಲ್ ಪ್ರೂಯೆಟ್‌ನ ಹೆಸರು ಹೇಳುತ್ತಿದ್ದರು. ಹದಿನಾಲ್ಕು ವರ್ಷ! ಹೃದಯ ಕೊಯ್ಯುವ ಡಾಕ್ಟರುಗಳೂ ಅಷ್ಟು ಓದಿರುವುದಿಲ್ಲ. ಆದರೆ ಆ ಹದಿನಾಲ್ಕು ವರ್ಷದಲ್ಲಿ ಅವನು ಗಣಿತದಲ್ಲಿ ಎಲ್ಲಿಯವರೆಗೆ ಮುಟ್ಟಿದ್ದ ಎಂದು ಯಾರೂ ಕೇಳಲಿಲ್ಲ, ಅವನೂ ಹೇಳಲಿಲ್ಲ. ಭಿನ್ನರಾಶಿಯವರೆಗೆ ಮುಟ್ಟಿದ್ದ.

ನನಗೆ ಇದೆಲ್ಲ ಗೊತ್ತಿರಲು ಕಾರಣವಿದೆ. ನಾನು ಡ್ವೇನ್ ಸಿಲ್ವೇರಾ, ಅವನ ಎದುರುಮನೆಯವನು. ಶಾಲಾ ಬಸ್ಸಿನ ಡಿಪೋದಲ್ಲಿ ರೇಡಿಯೋ ಮುಂದೆ ಕೂತು ಹನ್ನೊಂದು ಹಳದಿ ಬಸ್ಸುಗಳನ್ನು ದಾರಿಗೆ ಹಚ್ಚುವುದು ನನ್ನ ಉದ್ಯೋಗ. ಪ್ರೂಯೆಟ್ ಒಂಬತ್ತನೇ ಬಸ್ಸಿನ ಚಾಲಕ. ಐವತ್ತೆರಡು ವರ್ಷ, ದಪ್ಪ ಮೀಸೆ, ಬೈದರೂ ಮುಗುಳ್ನಗುವ ಸ್ವಭಾವ. ನಮ್ಮ ಡಿಪೋ ಮ್ಯಾನೇಜರು ಇನ್ನೆರಡು ವರ್ಷದಲ್ಲಿ ನಿವೃತ್ತರಾಗುವವರಿದ್ದರು. ಆ ಕುರ್ಚಿ ಪ್ರೂಯೆಟ್‌ಗೇ ಸಿಗಬೇಕೆಂದು ಹನ್ನೊಂದೂ ಚಾಲಕರ ಆಸೆ. ಆದರೆ ಅದಕ್ಕೆ ಎರಡು ವರ್ಷದ ಡಿಗ್ರಿ ಬೇಕು. ಕಮ್ಯುನಿಟಿ ಕಾಲೇಜಿನಲ್ಲಿ ಅವನು ಇಂಗ್ಲಿಷು, ಇತಿಹಾಸ, ಭೂಗರ್ಭಶಾಸ್ತ್ರ, ಕೊನೆಗೆ ನೃತ್ಯದ ಇತಿಹಾಸವನ್ನೂ ಪಾಸು ಮಾಡಿ ಮುಗಿಸಿದ್ದ. ಉಳಿದದ್ದು ಒಂದೇ ಒಂದು ಗಣಿತದ ತರಗತಿ. ಅದರ ಹೆಸರು ಸಂಖ್ಯಾಶಾಸ್ತ್ರ.

ಆ ತರಗತಿಯ ಬಾಗಿಲಿಗೆ ಹೋಗಲು ನಾಲ್ಕು ಮೆಟ್ಟಿಲು, ಅಂದರೆ ನಾಲ್ಕು ತಯಾರಿ ತರಗತಿ, ಹತ್ತಬೇಕಿತ್ತು. ಸೇರುವಾಗ ಕಾಲೇಜಿನವರು ಮುಕ್ಕಾಲು ಗಂಟೆಯ ಒಂದು ಪರೀಕ್ಷೆ ಇಟ್ಟು, ಯಾರು ಎಷ್ಟು ದಡ್ಡರೆಂದು ಅಳೆದು, ಅಷ್ಟು ಮೆಟ್ಟಿಲು ಕೆಳಗೆ ನಿಲ್ಲಿಸುತ್ತಿದ್ದರು. ಪ್ರೂಯೆಟ್ ಆ ದಿನ ನೆಗಡಿಯಲ್ಲಿ ಸೀನುತ್ತಾ ಪರೀಕ್ಷೆ ಬರೆದು ನಾಲ್ಕು ಮೆಟ್ಟಿಲು ಕೆಳಗಿಳಿದ. ಮೇಲೆ ಹತ್ತುತ್ತಾ ಎರಡನೆಯದಕ್ಕೆ ಬರುವಾಗ ಪಿತ್ತಕೋಶದ ಆಪರೇಷನ್ ಆಯಿತು. ಮತ್ತೊಮ್ಮೆ ಮೂರನೆಯದಕ್ಕೆ ಬರುವಾಗ ಬಸ್ಸಿನ ಪಾಳಿ ಬದಲಾಯಿತು. ಮಧ್ಯೆ ಬಿಟ್ಟರೆ ಮತ್ತೆ ಪರೀಕ್ಷೆ, ಮತ್ತೆ ಪರೀಕ್ಷೆಯಾದರೆ ಮತ್ತೆ ಕೆಳಗಿನ ಮೆಟ್ಟಿಲು. ಹೀಗೆ ಆ ತಯಾರಿ ಗಣಿತದ ತರಗತಿಗೆ ಒಂಬತ್ತು ಮೇಷ್ಟ್ರುಗಳು ಬಂದು ಹೋದರು, ಪ್ರೂಯೆಟ್ ಮಾತ್ರ ಕದಲಲಿಲ್ಲ. ಹೊಸ ಮೇಷ್ಟ್ರಿಗೆ ಲೈಟಿನ ಸ್ವಿಚ್ಚು ಎಲ್ಲಿದೆ ಎಂದು ತೋರಿಸುತ್ತಿದ್ದವನು ಅವನು, ಬೋರ್ಡು ಒರೆಸುತ್ತಿದ್ದವನು ಅವನು, ಹಾಳೆ ಹಂಚುತ್ತಿದ್ದವನೂ ಅವನೇ. ಹೊಸ ಹುಡುಗಿಯರು ಅವನ ಹತ್ತಿರ ಬಂದು, "ಸರ್, ಬಾತ್‌ರೂಮಿಗೆ ಹೋಗ್ಲಾ?" ಎಂದು ಕೇಳಿದರೆ, "ಹೋಗ್ಬನ್ನಿ" ಎಂದು ಗಂಭೀರವಾಗಿ ಅಪ್ಪಣೆ ಕೊಡುತ್ತಿದ್ದ.

ಅಷ್ಟಕ್ಕೇ ನಿಂತಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಹತ್ತು ವರ್ಷದ ಹಿಂದೆ ಅವನ ಅತ್ತೆ ವರ್ನಾ ಸ್ಟಬಲ್‌ಫೀಲ್ಡ್ ಮಗಳ ಮನೆಯ ಹಿಂಬದಿಯ ಕೋಣೆಗೆ ಬಂದು ನೆಲೆಸಿದರು. ಬಂದ ವಾರವೇ ನೋಡಿದರು: ಅಳಿಯ ಮಂಗಳವಾರ, ಗುರುವಾರ ಸಂಜೆ ಸ್ನಾನ ಮಾಡಿ, ಇಸ್ತ್ರಿ ಅಂಗಿ ಹಾಕಿ, ಚರ್ಮದ ಚೀಲ ಹಿಡಿದು ಕಾಲೇಜಿಗೆ ಹೋಗುತ್ತಾನೆ. ಬರುವಾಗ ತೋಳಿನ ತುದಿಯಲ್ಲಿ ಬೋರ್ಡಿನ ನೀಲಿ ಮಸಿ. ಅಂಥವನು ಇನ್ನೇನಾಗಿರಲು ಸಾಧ್ಯ? ಭಾನುವಾರ ಚರ್ಚಿನ ಊಟದಲ್ಲಿ, ಆಲೂಗಡ್ಡೆ ಸಲಾಡು ಬಡಿಸಿಕೊಳ್ಳುತ್ತಾ ಪಾದ್ರಿಗಳಿಗೆ ಹೇಳಿಯೇಬಿಟ್ಟರು.

"ಹಗಲು ಬಸ್ ಓಡಿಸ್ತಾನೆ, ಸಂಜೆ ಕಾಲೇಜಲ್ಲಿ ಪಾಠ ಹೇಳ್ತಾನೆ. ಗಣಿತ!"

ಪಾದ್ರಿ ವೆಂಡೆಲ್ ಲೂಮಿಸ್ ಪ್ರೂಯೆಟ್‌ನ ಬೆನ್ನು ತಟ್ಟಿ, "ಪ್ರೊಫೆಸರೇ, ಇಷ್ಟು ದಿನ ಬಾಯೇ ಬಿಟ್ಟಿಲ್ವಲ್ಲ ನೀವು!" ಎಂದರು.

ಆ ಕ್ಷಣದಲ್ಲಿ ಬಾಯಿ ಬಿಡಬೇಕಿತ್ತು. ಆದರೆ ಬಾಯಿ ತುಂಬ ಕೋಳಿ ಇತ್ತು. ಅದನ್ನು ಅಗಿದು ನುಂಗುವಷ್ಟರಲ್ಲಿ ಪಾದ್ರಿಗಳು ಮುಂದಿನ ಮೇಜಿಗೆ ಹೋಗಿ ಆ ಸುದ್ದಿಯನ್ನು ಬಡಿಸಿಯಾಗಿತ್ತು. ಹೆಂಡತಿ ಡಾರ್ಲೀನ್ ಶಾಲೆಯ ಅಡುಗೆಮನೆಯಲ್ಲಿ ಕೆಲಸ ಮಾಡುವವಳು, ಅವಳಿಗೆ ನಿಜ ಗೊತ್ತಿತ್ತು. ನನಗೂ ಗೊತ್ತಿತ್ತು. ನಾವಿಬ್ಬರೂ ತಲೆ ತಗ್ಗಿಸಿ ಸಲಾಡು ತಿಂದೆವು. ಅಲ್ಲಿಂದ ಹತ್ತು ವರ್ಷ ಅವನು ಊರಿಗೆಲ್ಲ ಪ್ರೊಫೆಸರ್ ಪ್ರೂಯೆಟ್. ಗ್ಯಾರೇಜಿನವನೂ ಹಾಗೇ ಕರೆಯುತ್ತಿದ್ದ. ನಿಜ ಹೇಳಬೇಕೆಂದರೆ, ಹಾಗೆ ಕರೆದಾಗ ಅವನ ಮೀಸೆ ಒಂದೆಳೆ ಮೇಲೇರುತ್ತಿತ್ತು.

ಹೀಗಿರುವಾಗ ಆ ವರ್ಷ ಫೆಬ್ರವರಿಯಲ್ಲಿ ಕಾಲೇಜಿನ ಸಲಹೆಗಾರ್ತಿ ಮಾಯ್ ಶಿಯೋಂಗ್ ಫೋನ್ ಮಾಡಿದಳು. ಮೂವತ್ತರ ಚುರುಕು ಹೆಣ್ಣುಮಗಳು, ಪ್ರೂಯೆಟ್‌ನ ಕಡತವನ್ನು ಬಾಯಿಪಾಠ ಮಾಡಿದ್ದವಳು.

"ಪ್ರೂಯೆಟ್ ಅವರೇ, ರಾಜಧಾನಿ ಸ್ಯಾಕ್ರಮೆಂಟೋದಲ್ಲಿ ಒಂದು ಮಸೂದೆ ಬಂದಿದೆ. ತಯಾರಿ ತರಗತಿಗಳನ್ನೆಲ್ಲ ತೆಗೆದುಹಾಕ್ತಾರಂತೆ!"

"ನನ್ನ ಕ್ಲಾಸು?"

"ಇರಲ್ಲ! ಕಾನೂನಾದ್ರೆ ನಿಮ್ಮ ಕ್ಲಾಸು ಇರೋದೇ ಇಲ್ಲ!" ಎಂದು ಅವಳು ಖುಷಿಯಲ್ಲಿ ಕೂಗಿದಳು. ಅದರ ಬದಲು ನೇರವಾಗಿ ಸಂಖ್ಯಾಶಾಸ್ತ್ರಕ್ಕೇ ಸೇರಿಸುತ್ತಾರೆ, ಜೊತೆಗೆ ಸಹಾಯಕ್ಕೊಂದು ತರಗತಿ ಕೊಡುತ್ತಾರೆ ಎಂದೂ ವಿವರಿಸಿದಳಂತೆ. ಅದು ಪ್ರೂಯೆಟ್‌ನ ಕಿವಿಗೆ ಹೋಗಲಿಲ್ಲ. ಹದಿನಾಲ್ಕು ವರ್ಷ ಕೂತ ಬೆಂಚಿನ ಚಿಂತೆಯಲ್ಲಿ ಅವನು ಫೋನ್ ಇಟ್ಟು ಊಟಕ್ಕೆ ಬಂದ.

"ಯಾಕಪ್ಪಾ, ಮುಖ ಸಪ್ಪಗಿದೆ?" ಅತ್ತೆ ಕೇಳಿದರು.

"ಸರ್ಕಾರದವರು ನನ್ನ ಕ್ಲಾಸು ತೆಗೀತಾರಂತೆ, ಅತ್ತೆ."

ವರ್ನಾ ಚಮಚ ಕೆಳಗಿಟ್ಟರು. "ಹದಿನಾಲ್ಕು ವರ್ಷ ದುಡಿದೋನನ್ನ? ಮನೆಗೆ ಕಳಿಸ್ತಾರಾ?"

"ಹಾಗಲ್ಲ ಅತ್ತೆ, ಅದು..."

"ನೀನು ಸುಮ್ನಿರು. ನೀನು ಮೆತ್ತಗಿನೋನು, ನಿನ್ನ ಕೈಲಾಗಲ್ಲ. ನಾನು ನೋಡ್ಕೋತೀನಿ."

ಎಂಬತ್ತೊಂದು ವರ್ಷದ ಹೆಂಗಸು "ನಾನು ನೋಡ್ಕೋತೀನಿ" ಎಂದರೆ ಸರ್ಕಾರಗಳು ಎಚ್ಚರದಿಂದಿರುವುದು ಒಳ್ಳೆಯದು. ಮರುದಿನ ಹತ್ತು ಗಂಟೆಗೆಲ್ಲ ಅವರು ಪಾದ್ರಿಗಳ ಬಳಿ, ಹನ್ನೊಂದಕ್ಕೆ ವಾರಪತ್ರಿಕೆಯವರ ಬಳಿ, ಮಧ್ಯಾಹ್ನ ಕೇಶಾಲಂಕಾರದ ಅಂಗಡಿಯಲ್ಲಿ ಇದ್ದರು. ಆ ಮೂರು ಕಡೆ ಹೇಳಿದ ಮೇಲೆ ನಮ್ಮ ಊರಿನಲ್ಲಿ ಹೇಳಲು ಇನ್ಯಾರೂ ಉಳಿಯುವುದಿಲ್ಲ. ಪತ್ರಿಕೆಯವನು ಕಾಲೇಜಿಗೆ ಫೋನ್ ಮಾಡಿ ಪ್ರೊಫೆಸರ್ ಪ್ರೂಯೆಟ್‌ರನ್ನು ತೆಗೆಯುತ್ತಿರುವುದು ನಿಜವೇ ಎಂದು ಕೇಳಿದ. ಕಾಲೇಜಿನ ಡೀನರು ಸಿಬ್ಬಂದಿ ಪಟ್ಟಿ ತಿರುವಿ ಹಾಕಿದರು. ಅಂಥ ಹೆಸರು ಸಿಗಲಿಲ್ಲ. ಹೆಸರು ಸಿಗಲಿಲ್ಲವೆಂದರೆ ಆಗಲೇ ತೆಗೆದಿರಬೇಕು, ತೆಗೆದಿದ್ದರೆ ವಕೀಲರು ಬರಬಹುದು ಎಂದು ಬೆವರಿ, ಇಂಥ ಹೊತ್ತಿಗೆಂದೇ ಇಟ್ಟುಕೊಂಡಿರುವ ವಾಕ್ಯವನ್ನು ಹೊರತೆಗೆದರು: "ಸಿಬ್ಬಂದಿ ವಿಚಾರಗಳ ಬಗ್ಗೆ ಕಾಲೇಜು ಏನನ್ನೂ ಹೇಳುವುದಿಲ್ಲ."

ಇದಕ್ಕಿಂತ ದೊಡ್ಡ ಸಾಕ್ಷಿ ಊರಿಗೆ ಬೇಕೆ? ಗುರುವಾರದ ಹೊತ್ತಿಗೆ ಬೀದಿಯ ಪ್ರತಿ ಮನೆಯ ಹುಲ್ಲಿನ ಮೇಲೂ ತಂತಿ ಕಾಲಿನ ಫಲಕಗಳು ಎದ್ದು ನಿಂತವು: "ಪ್ರೊಫೆಸರ್ ಪ್ರೂಯೆಟ್ ತರಗತಿ ಉಳಿಸಿ." ನಮ್ಮಲ್ಲಿ ಫಲಕ ನೆಡದ ಮನೆಯವರನ್ನು ನೆರೆಯವರು ಒಂಥರಾ ನೋಡುತ್ತಾರೆ. ಹಾಗಾಗಿ ನಾನೂ ಒಂದು ನೆಟ್ಟೆ. ಪ್ರೂಯೆಟ್ ಬಸ್ ಇಳಿದು ಮನೆಗೆ ಬರುವಾಗ ತನ್ನ ಹೆಸರಿನ ಇಪ್ಪತ್ತಾರು ಫಲಕಗಳನ್ನು ದಾಟಿ ಬಂದು, ನನ್ನ ಅಂಗಳದಲ್ಲಿ ನಿಂತ.

"ಡ್ವೇನ್, ನೀನೂನಾ?"

"ನಾನೊಬ್ನೇ ನೆಡದೇ ಇದ್ರೆ ಅನುಮಾನ ಬರಲ್ವೇನೋ?"

"ನಾನು ನಾಳೆ ಎಲ್ಲರಿಗೂ ನಿಜ ಹೇಳಿಬಿಡ್ತೀನಿ ಕಣೋ."

"ಹೇಳು ಮತ್ತೆ."

ಮರುದಿನ ಚರ್ಚಿನ ಹಿಂದೆ ಅವನ ಹೋರಾಟಕ್ಕೆ ಹಣ ಕೂಡಿಸಲು ಮಾಂಸದ ಸ್ಯಾಂಡ್‌ವಿಚ್ ಮಾರಾಟ ನಡೆದಿತ್ತು. ಹೇಳಲೆಂದು ಕಲ್ಲಿನ ಮೇಲೆ ಹತ್ತಿ ನಿಂತ. ಜನ ಭಾಷಣವೆಂದುಕೊಂಡು ಚಪ್ಪಾಳೆ ತಟ್ಟಿದರು. ಹಲ್ಲಿಲ್ಲದ ಒಬ್ಬ ಮುದುಕ, "ನಂಗೂ ಒಬ್ಬ ಮೇಷ್ಟ್ರು ಇದ್ರು, ನಿಮ್ಮ ಥರಾನೇ" ಎಂದು ಅವನ ಕೈ ಹಿಡಿದು ಅತ್ತುಬಿಟ್ಟ. ಪ್ರೂಯೆಟ್ "ಥ್ಯಾಂಕ್ಸ್" ಎಂದು ಹೇಳಿ ಕಲ್ಲಿನಿಂದ ಇಳಿದ.

ಏಪ್ರಿಲ್‌ನಲ್ಲಿ ಮಸೂದೆ ಶಾಸಕರ ಸಮಿತಿಯ ಮುಂದೆ ಬಂತು. ಯಾರು ಬೇಕಾದರೂ ಹೋಗಿ ಅಭಿಪ್ರಾಯ ಹೇಳಬಹುದು ಎಂದು ಪಾದ್ರಿಗಳು ಪತ್ತೆ ಮಾಡಿದರು. ನಲವತ್ತು ಜನ ಸಿದ್ಧರಾದರು. ಫಲಕಗಳನ್ನು ಒಳಗೆ ಬಿಡುವುದಿಲ್ಲ ಎಂದು ತಿಳಿದು, ಅದೇ ಮಾತನ್ನು ಕಿತ್ತಳೆ ಬಣ್ಣದ ಅಂಗಿಗಳ ಎದೆಯ ಮೇಲೆ ಅಚ್ಚು ಹಾಕಿಸಿದರು. ಚರ್ಚಿನ ಬಸ್ಸನ್ನು ಓಡಿಸುವ ಲೈಸೆನ್ಸ್ ಆ ನಲವತ್ತು ಜನರಲ್ಲಿ ಒಬ್ಬನಿಗೇ ಇತ್ತು. ಹೀಗಾಗಿ ತನ್ನನ್ನು ಉಳಿಸುವ ಹೋರಾಟಗಾರರನ್ನು ಪ್ರೂಯೆಟ್ ತಾನೇ ಮೂರು ಗಂಟೆ ಓಡಿಸಿಕೊಂಡು ಹೋಗಬೇಕಾಯಿತು. ಅಳತೆ ಸಿಗದೆ ಅವನಿಗೆ ಕೊಟ್ಟ ಅಂಗಿ ಹೊಟ್ಟೆಯ ಮೇಲೆ ಬಿಗಿದು, "ಉಳಿಸಿ" ಎನ್ನುವ ಪದ ದೊಡ್ಡದಾಗಿ ಕಾಣುತ್ತಿತ್ತು.

ಹೆದ್ದಾರಿಯ ವಿಶ್ರಾಂತಿ ತಾಣದಲ್ಲಿ ಬಸ್ ನಿಂತಾಗ ಅವನು ನನ್ನನ್ನು ಪಕ್ಕಕ್ಕೆ ಎಳೆದ.

"ಆ ಕ್ಲಾಸು ಹೋದ್ರೆ ನಾನು ಎಲ್ಲಿಗೋ ಹೋಗೋದು? ಅಲ್ಲಿ ನಂಗೆ ಎಲ್ಲಾ ಗೊತ್ತು. ಆ ಸಂಖ್ಯಾಶಾಸ್ತ್ರದೊಳಗೆ ಹೋಗಿ ಫೇಲಾದ್ರೆ?"

"ಈಗ ಪಾಸಾಗ್ತಿದ್ದೀಯಾ?"

ಅವನು ಕಾಫಿ ಯಂತ್ರಕ್ಕೆ ನಾಣ್ಯ ಹಾಕಿ, ಕಾಫಿ ತೆಗೆದುಕೊಳ್ಳದೆಯೇ ಬಸ್ಸಿನ ಕಡೆ ನಡೆದ. ನಾನು ಹಾಗೆ ಕೇಳಬಾರದಿತ್ತು ಎಂದು ಆಗಲೇ ಅನ್ನಿಸಿತು.

ಸಮಿತಿಯ ಕೋಣೆ ದೊಡ್ಡದು. ಎತ್ತರದ ಅರ್ಧಚಂದ್ರ ಮೇಜಿನ ಹಿಂದೆ ಶಾಸಕರು, ಮಧ್ಯದಲ್ಲಿ ಕನ್ನಡಕ ಮೂಗಿನ ತುದಿಗಿಟ್ಟ ಅಧ್ಯಕ್ಷೆ. ಮೊದಲು ಮಸೂದೆಯ ಪರವಾಗಿ ಸಾಕ್ಷಿ ಹೇಳುವವರನ್ನು ಕರೆದರು. ಎದ್ದು ಬಂದವಳು ಮಾಯ್ ಶಿಯೋಂಗ್! ಪ್ರೂಯೆಟ್ ಮುಂದಿನವರ ಬೆನ್ನಿನ ಹಿಂದೆ ಬಗ್ಗಿದ. ಅವನ ಗಾತ್ರಕ್ಕೆ ಮೂರು ಬೆನ್ನು ಬೇಕಿತ್ತು.

"ನನ್ನ ಕಾಲೇಜಲ್ಲಿ ಒಬ್ಬ ವಿದ್ಯಾರ್ಥಿ ಇದ್ದಾರೆ," ಎಂದಳು ಮಾಯ್. "ಹೆಸರು ಹೇಳಲ್ಲ. ದಿನವಿಡೀ ದುಡೀತಾರೆ, ಸಂಜೆ ಬರ್ತಾರೆ. ಒಂದು ದಿನಾನೂ ತಡವಾಗಿ ಬಂದಿಲ್ಲ. ಅವರು ಫೇಲಾದ್ರು ಅಂತ ಎಲ್ಲರೂ ಅಂದ್ಕೊಂಡಿದ್ದಾರೆ, ಅವರೂ ಹಾಗೇ ಅಂದ್ಕೊಂಡಿದ್ದಾರೆ. ಆದ್ರೆ ಯಾವ ಕ್ಲಾಸು ಅವರಿಗೆ ಬೇಕಿತ್ತೋ ಆ ಕ್ಲಾಸಲ್ಲಿ ನಾವು ಅವರನ್ನ ಒಂದೇ ಒಂದು ದಿನ ಕೂರೋಕೆ ಬಿಟ್ಟಿಲ್ಲ. ಹದಿನಾಲ್ಕು ವರ್ಷ ಹೊರಗೇ ನಿಲ್ಲಿಸಿದ್ದೀವಿ."

ವರ್ನಾ ಕರವಸ್ತ್ರ ತೆಗೆದು ಕಣ್ಣು ಒರೆಸಿಕೊಂಡರು.

"ಪಾಪ, ಯಾರ ಮಗನೋ ಏನೋ. ಆರ್ವಿಲ್, ನಿನ್ನ ಕಾಲೇಜಿನೋಳೇ ಅಲ್ವಾ ಇವಳು? ಆ ಹುಡುಗ ನಿನ್ನ ಕ್ಲಾಸಲ್ಲಿದಾನಾ?"

"ಹೂಂ ಅತ್ತೆ. ನನ್ನ ಕ್ಲಾಸಲ್ಲೇ ಇದಾನೆ."

"ಮತ್ತೆ ಸುಮ್ನೆ ಕೂತಿದ್ಯಲ್ಲ! ನಿನ್ನ ಕೆಲ್ಸ ಹೋದ್ರೆ ಹೋಗ್ಲಿ. ಆ ಹುಡುಗನ ಪರವಾಗಿ ಒಂದು ಮಾತು ಹೇಳೋಕಾಗಲ್ವಾ?"

ಅಷ್ಟರಲ್ಲಿ ಅಧ್ಯಕ್ಷೆ, "ಮಸೂದೆಯ ಪರ ಇರೋರು ಮೈಕಿನ ಮುಂದೆ ಸಾಲಾಗಿ ಬನ್ನಿ. ಹೆಸರು, ಊರು, ಪರ ಅಂತ ಹೇಳಿ. ಅಷ್ಟೇ. ಭಾಷಣ ಬೇಡ," ಎಂದರು. ವಿರೋಧಿಗಳ ಸಾಲನ್ನು ಆಮೇಲೆ ಕರೆಯುವುದು ಪದ್ಧತಿ. ಇದು ನಮ್ಮವರಿಗೆ ಹೇಗೆ ಗೊತ್ತಿರಬೇಕು? ಪ್ರೂಯೆಟ್ ಎದ್ದ. ಪ್ರೊಫೆಸರು ಎದ್ದರಲ್ಲ ಎಂದು ಪಾದ್ರಿಗಳು ಎದ್ದರು. ಪಾದ್ರಿಗಳು ಎದ್ದ ಮೇಲೆ ಚರ್ಚಿನವರು ಕೂರುವುದುಂಟೆ? ನಲವತ್ತು ಕಿತ್ತಳೆ ಅಂಗಿಗಳು ಪರ ಎನ್ನುವವರ ಸಾಲಿನಲ್ಲಿ ಬಾಗಿಲಿನವರೆಗೆ ನಿಂತವು. ಹೆಸರು ಬರೆದುಕೊಳ್ಳುತ್ತಿದ್ದ ಗುಮಾಸ್ತೆ ಅಂಗಿಗಳನ್ನು ಓದಿ, ಸಾಲನ್ನು ನೋಡಿ, ಪೆನ್ನು ಕೆಳಗಿಟ್ಟಳು.

"ಆರ್ವಿಲ್ ಪ್ರೂಯೆಟ್," ಎಂದು ಮೈಕಿನಲ್ಲಿ ದನಿ ಬಂತು. "ಹಾರ್ಲನ್ ವೆಲ್ಸ್."

"ಪರವೋ?"

"ಪರ, ಮೇಡಂ."

ಅಧ್ಯಕ್ಷೆ ಕನ್ನಡಕ ಮೇಲೇರಿಸಿ ಅವನ ಹೊಟ್ಟೆಯ ಮೇಲಿನ ಬರಹವನ್ನು ಓದಿದರು. "ನಿಮ್ಮ ಅಂಗಿ ಬೇರೇನೋ ಹೇಳ್ತಿದೆಯಲ್ಲ?"

"ಅಂಗಿ ಸುಳ್ಳು ಹೇಳ್ತಿದೆ, ಮೇಡಂ. ನಾನು ಪ್ರೊಫೆಸರ್ ಅಲ್ಲ. ಆ ಹೆಣ್ಣುಮಗಳು ಹೇಳಿದ್ರಲ್ಲ, ಹದಿನಾಲ್ಕು ವರ್ಷ ಹೊರಗೆ ನಿಂತೋನು, ಅವನು ನಾನೇ."

"ಸರ್, ಹೆಸರು, ಊರು..."

"ಮುಗಿಸ್ತೀನಿ ಮೇಡಂ. ನನ್ನ ಕ್ಲಾಸು ಉಳಿಸಬೇಡಿ. ದಯವಿಟ್ಟು ತೆಗೆದುಹಾಕಿ. ನಂಗೆ ಒಳಗೆ ಹೋಗೋಕೆ ಭಯ ಆಗುತ್ತೆ. ಆದ್ರೂ ಒಂದ್ಸಲ ಹೋಗಿ ನೋಡ್ಬೇಕು."

ಅಧ್ಯಕ್ಷೆಯ ಸುತ್ತಿಗೆಯ ಸದ್ದಾಯಿತು. ಆದರೆ ಮೆಲ್ಲಗೆ. ಅವನು ಪಕ್ಕಕ್ಕೆ ಸರಿದ. ಮುಂದೆ ನಿಂತವರು ವರ್ನಾ. ಅವರು ಮೈಕನ್ನು ತಮ್ಮ ಎತ್ತರಕ್ಕೆ ಬಗ್ಗಿಸಿದರು. ಅಳಿಯನನ್ನು ಒಮ್ಮೆ ಅಡಿಯಿಂದ ಮುಡಿಯವರೆಗೆ ನೋಡಿದರು.

"ವರ್ನಾ ಸ್ಟಬಲ್‌ಫೀಲ್ಡ್. ಅದೇ ಊರು. ಇವನು ಹತ್ತು ವರ್ಷ ನನ್ನ ಮುಂದೆ ನಾಟಕ ಆಡಿದಾನೆ. ಅದನ್ನ ಮನೇಲಿ ವಿಚಾರಿಸ್ಕೋತೀನಿ, ಸರ್ಕಾರ ತಲೆ ಹಾಕೋದು ಬೇಡ." ಅವರು ಉಸಿರೆಳೆದುಕೊಂಡರು. "ಪರ."

ಶಾಸಕರೊಬ್ಬರು ನಗು ತಡೆಯಲಾಗದೆ ಮೇಜಿನ ಕೆಳಗೆ ಏನೋ ಹುಡುಕತೊಡಗಿದರು. ಪಾದ್ರಿ ಲೂಮಿಸ್ ತಮ್ಮ ಎದೆಯ ಬರಹವನ್ನು ಟೋಪಿಯಿಂದ ಮುಚ್ಚಿಕೊಂಡು "ಪರ" ಎಂದರು. ನಾನೂ ಪರ. ಹಲ್ಲಿಲ್ಲದ ಮುದುಕ ಎರಡು ಸಲ ಪರ ಎಂದ, ಒಂದನ್ನು ಗುಮಾಸ್ತೆ ಹೊಡೆದುಹಾಕಿದಳು.

ವಾಪಸು ಬರುವಾಗ ಚಾಲಕನ ಹಿಂದಿನ ಸೀಟಿನಲ್ಲಿ ಕೂತಿದ್ದ ವರ್ನಾ ಬಾಯಿ ತೆಗೆದರು.

"ಕೇಶದ ಅಂಗಡಿಯೋಳ ಮುಂದೆ ಎಷ್ಟು ಕೊಚ್ಕೊಂಡಿದ್ದೆ ಗೊತ್ತಾ ನಾನು?"

"ತಪ್ಪಾಯ್ತು ಅತ್ತೆ."

"ಹದಿನಾಲ್ಕು ವರ್ಷದಲ್ಲಿ ಎಲ್ಲೀತನಕ ಕಲ್ತೆ?"

"ಭಿನ್ನರಾಶಿತನಕ."

"ಮಳೆ ಬಂದ್ರೂ ಹೋಗ್ತಿದ್ದೆ. ಜ್ವರ ಬಂದ್ರೂ ಹೋಗ್ತಿದ್ದೆ. ಸಂಬಳ ತಗೊಳ್ತಾನೆ, ಹೋಗ್ತಾನೆ ಅಂದ್ಕೊಂಡಿದ್ದೆ ನಾನು. ಸಂಬಳ ಇಲ್ದೇನೇ ಹೋಗ್ತಿದ್ದೆಯಲ್ಲೋ, ಬಡಪಾಯಿ!" ಎಂದು ಹೇಳಿ ಅವನ ಭುಜದ ಮೇಲೆ ಕೈಯಿಟ್ಟು, ಊರು ಬರುವವರೆಗೂ ತೆಗೆಯಲಿಲ್ಲ. ಕನ್ನಡಿಯಲ್ಲಿ ಪ್ರೂಯೆಟ್‌ನ ಕಣ್ಣು ಒದ್ದೆಯಾಗಿದ್ದನ್ನು ಕಂಡು, ಬಸ್ಸಿನಲ್ಲಿ ನಲವತ್ತು ಜನ ಇದ್ದೇವೆಂದು ನಾನೇ ನೆನಪಿಸಬೇಕಾಯಿತು.

ಮಸೂದೆ ಕಾನೂನಾಯಿತು. ಅದು ಪ್ರೂಯೆಟ್‌ನ ಅಂಗಿಯಿಂದಲೇ ಆಯಿತೆಂದು ನಮ್ಮ ಊರಿನವರ ನಂಬಿಕೆ, ಇತಿಹಾಸಕಾರರು ಏನು ಬೇಕಾದರೂ ಹೇಳಿಕೊಳ್ಳಲಿ. ಮುಂದಿನ ವರ್ಷ ಆಗಸ್ಟಿನಲ್ಲಿ ಅವನು ಸಂಖ್ಯಾಶಾಸ್ತ್ರದ ತರಗತಿಯಲ್ಲಿ ಹಿಂದಿನ ಬೆಂಚಿನಲ್ಲಿ ಕೂತ. ಲೈಟಿನ ಸ್ವಿಚ್ಚು ಎಲ್ಲಿದೆ ಎಂದು ಅವನಿಗೆ ಗೊತ್ತಿರಲಿಲ್ಲ.

ಕಾನೂನು ಬಾಗಿಲು ತೆಗೆಯಿತೇ ಹೊರತು ಲೆಕ್ಕ ಮಾಡಿಕೊಡಲಿಲ್ಲ. ಮೊದಲ ಪರೀಕ್ಷೆಯಲ್ಲಿ ನೂರಕ್ಕೆ ಮೂವತ್ತೆಂಟು ಬಂತು. ಆ ಸಂಜೆ ಅವನು ನನ್ನ ಜಗಲಿಯಲ್ಲಿ ಕೂತು, "ಅವರು ನನ್ನನ್ನ ಕೆಳಗೆ ನಿಲ್ಲಿಸಿದ್ದೇ ಸರಿ ಇತ್ತೇನೋ ಕಣೋ" ಎಂದ. ಆ ಮಾತು ಕೇಳಿ ನನಗೆ ಸಂಕಟವಾಯಿತು. ಮಾಯ್ ಶಿಯೋಂಗ್ ಮಾತ್ರ ಬಿಡಲಿಲ್ಲ. ಸಹಾಯದ ತರಗತಿಗೂ ಬಂದು, "ನಿಮಗೆ ಗೊತ್ತಿರೋ ವಿಷಯದ ಲೆಕ್ಕ ತನ್ನಿ" ಎಂದಳು. ಅವನು ಒಂಬತ್ತನೇ ಬಸ್ಸಿನ ಲೆಕ್ಕ ತಂದ. ಯಾವ ನಿಲ್ದಾಣದಲ್ಲಿ ಎಷ್ಟು ನಿಮಿಷ ತಡ, ಯಾವ ವಾರ ಹೆಚ್ಚು, ಯಾವ ತಾಯಂದಿರು ಕಾರಣ. ತಡವಾಗುವುದರ ಸರಾಸರಿ, ಏರುಪೇರು, ನಾಳೆ ತಡವಾಗುವ ಸಂಭವ ಎಲ್ಲವನ್ನೂ ಗೋಡೆಯಷ್ಟು ದೊಡ್ಡ ಹಾಳೆಯಲ್ಲಿ ಬರೆದು ಡಿಪೋದಲ್ಲಿ ಅಂಟಿಸಿದ. ಮ್ಯಾನೇಜರು ಅದನ್ನು ನೋಡಿ ಎರಡು ದಾರಿಗಳನ್ನೇ ಬದಲಾಯಿಸಿದರು. ಹತ್ತನೇ ಬಸ್ಸಿನ ಚಾಲಕಿ, "ಈ ಪುಣ್ಯಾತ್ಮ ಓದೋಕೆ ಹೋದ್ಮೇಲೆ ನಂಗೆ ಕಾಫಿ ಕುಡಿಯೋಕೂ ಪುರುಸೊತ್ತಿಲ್ಲ" ಎಂದು ಗೊಣಗಿದಳು.

ಡಿಸೆಂಬರಿನ ಮೂರನೇ ಶುಕ್ರವಾರ ಫಲಿತಾಂಶ. ಮಧ್ಯಾಹ್ನ ಮೂರೂ ಹತ್ತಕ್ಕೆ ಡಾರ್ಲೀನ್ ಶಾಲೆಯ ಅಡುಗೆಮನೆಯಿಂದ ನನಗೆ ಫೋನ್ ಮಾಡಿದಳು. ಒಂದು ಅಕ್ಷರ ಹೇಳಿ ಅಳತೊಡಗಿದಳು. ಆ ಹೊತ್ತಿಗೆ ಹನ್ನೊಂದೂ ಬಸ್ಸುಗಳು ಮಕ್ಕಳನ್ನು ತುಂಬಿಕೊಂಡು ದಾರಿಯಲ್ಲಿದ್ದವು. ಚಾಲಕರು ಫೋನ್ ಮುಟ್ಟುವಂತಿಲ್ಲ. ರೇಡಿಯೋದಲ್ಲಿ ಕೆಲಸದ ಮಾತು ಬಿಟ್ಟು ಬೇರೆ ಆಡುವಂತಿಲ್ಲ ಎಂಬ ನಿಯಮವನ್ನು ಬರೆದು ಗೋಡೆಗೆ ಹಾಕಿದವನು ನಾನೇ.

"ಒಂಬತ್ತು, ಎಲ್ಲಿದ್ದೀ?"

"ರೈಲು ಹಳಿ ಹತ್ರ ನಿಂತಿದ್ದೀನಿ." ನಮ್ಮಲ್ಲಿ ಶಾಲಾ ಬಸ್ಸು ಹಳಿ ದಾಟುವ ಮೊದಲು ನಿಂತು, ಬಾಗಿಲು ತೆಗೆದು, ಎಲ್ಲರೂ ಸುಮ್ಮನಿದ್ದು ರೈಲಿನ ಸದ್ದಿದೆಯೇ ಎಂದು ಕೇಳಬೇಕು.

"ಸಿ ಗ್ರೇಡ್ ಬಂದಿದೆ, ಒಂಬತ್ತು. ಪಾಸು."

ನಾನು ಗೋಡೆಯ ಮೇಲಿನ ಆ ನಿಯಮಕ್ಕೆ ಬೆನ್ನು ತಿರುಗಿಸಿ ಕೂತೆ.

"ಇನ್ನೊಂದ್ಸಲ ಹೇಳು," ಎಂದಿತು ಗೊಗ್ಗರು ದನಿ.

"ಸಿ. ಪಾಸು."

"ಡಿಪೋ, ಇದು ನಾಲ್ಕು," ಎಂದು ಬೇರೊಂದು ದನಿ ನುಗ್ಗಿತು. "ನಂಗೆ ಸರಿಯಾಗಿ ಕೇಳಿಸ್ಲಿಲ್ಲ, ಇನ್ನೊಂದ್ಸಲ ಹೇಳಿ."

"ಸಿ. ಪಾಸು."

"ಡಿಪೋ, ಇದು ಹತ್ತು. ನಂಗೂ ಕೇಳಿಸ್ಲಿಲ್ಲ."

ಹನ್ನೊಂದು ಬಸ್ಸಿನವರಿಗೂ ಆ ದಿನ ಕಿವಿ ಕೆಟ್ಟಿತ್ತು. ಮ್ಯಾನೇಜರು ಎದ್ದು ನನ್ನ ಬೆನ್ನ ಹಿಂದೆ ಬಂದು ನಿಂತದ್ದೂ ಗೊತ್ತಾಯಿತು. ಹಿಂತಿರುಗಿ ನೋಡಲಿಲ್ಲ. ಒಬ್ಬೊಬ್ಬರಿಗೂ ಬಿಡಿಸಿ ಹೇಳಿದೆ. ಕೊನೆಯವರ ಸರದಿ ಬಂದಾಗ ಮ್ಯಾನೇಜರು ಮೈಕು ಕಿತ್ತುಕೊಂಡು ತಾವೇ ಹೇಳಿದರು.

"ಡಿಪೋ, ಇದು ಒಂಬತ್ತು," ಎಂದ ಪ್ರೂಯೆಟ್. "ರೈಲು ಇಲ್ಲ. ನಾನು ದಾಟ್ತಾ ಇದ್ದೀನಿ."